ಚಾಕುವಿಗೆ ಮೊದಲು ಎರಡು ವಾರ

ನಮ್ಮ ಜೇವರ್ಗಿ ಡಾಕ್ಟರ ಬೆರಳುಗಳು ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ಜ್ವರವೆಂದು ಹೋಗಲಿ, ಕಾಲುನೋವೆಂದು ಹೋಗಲಿ, ನಾಡಿ ಹಿಡಿಯುವ ಮೊದಲು ಆ ಬೆರಳುಗಳನ್ನು ದವಡೆಯ ಕೆಳಗಿಟ್ಟು ಒತ್ತುತ್ತಿದ್ದರು. "ಸಂತ್ಯಾಗ ಕುರಿ ನೋಡಿದಂಗ ನೋಡ್ತೀರಲ್ರಿ" ಎಂದು ನಾನೊಮ್ಮೆ ಕೆಣಕಿದ್ದೆ.

"ಕುರಿ ಸುಳ್ಳು ಹೇಳಂಗಿಲ್ಲ, ತಂಗೆವ್ವ" ಎಂದಿದ್ದರು.

ಅದು ನನಗೇ ಹೇಳಿದ್ದು. ಪಥ್ಯ ಮಾಡಿದೆ, ಮಾತ್ರೆ ನುಂಗಿದೆ ಎಂದು ಅವರ ಮುಂದೆ ಸುಳ್ಳು ಹೇಳುವುದು ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು.

ತೊಂಬತ್ತರ ದಶಕದಲ್ಲಿ ನನ್ನ ಗಂಡನಿಗೆ ಕಾಮಾಲೆ ಬಂತು. ನೋವಿಲ್ಲ, ಜ್ವರವಿಲ್ಲ, ಕಣ್ಣು ಮಾತ್ರ ಅರಿಶಿನ, ಮೈಯೆಲ್ಲ ತುರಿಕೆ. ಅಂದೋಲಾ ಹಳ್ಳಿಯಿಂದ ಸೊಪ್ಪಿನ ರಸ ತಂದು ಕುಡಿಸಿದೆ. ಇಳಿಯಿತು. ಕೆಲವು ತಿಂಗಳಿಗೆ ಮತ್ತೆ ಬಂತು. ಈ ಸಲ ರಸಕ್ಕೆ ಬಗ್ಗಲಿಲ್ಲ. ಡಾಕ್ಟರು ಸೊಲ್ಲಾಪುರಕ್ಕೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿ, ಮೇದೋಜೀರಕ ಗ್ರಂಥಿ ಬಾತು ಪಿತ್ತದ ನಾಳ ಒತ್ತಿದೆ, ಕ್ಯಾನ್ಸರ್ ಇರಬೇಕು ಎಂದರು. ಸೂಜಿ ಚುಚ್ಚಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ ಎಂದು ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಟೇಬಲ್ ಮೇಲಿಂದ ಏಳದೆಯೂ ಹೋಗಬಹುದು ಎಂದರು. ಗಂಡ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನನಗೆ ರೊಟ್ಟಿ ಬಡಿಯಲು ಕೈ ಏಳುತ್ತಿರಲಿಲ್ಲ.

ಆಪರೇಷನ್ನಿಗೆ ಹೋಗುವ ಮುಂಚೆ ನಮ್ಮ ಜೇವರ್ಗಿ ಡಾಕ್ಟರಿಗೆ ಹೇಳಿಹೋಗೋಣವೆಂದು ಬಂದೆವು. ಅವರು ಎಂದಿನಂತೆ ಗಂಡನ ದವಡೆ ಒತ್ತಿದರು. ಈ ಸಲ ಎರಡೂ ಕಡೆ ಅಡಿಕೆಯಷ್ಟು ಗಟ್ಟಿ ಗಂಟು ಎದ್ದಿತ್ತು. ಬೆರಳು ತೆಗೆದು ನನ್ನ ಕಡೆ ತಿರುಗಿದರು.

"ಮೊದಲ ಸಲ ಕಾಮಾಲಿ ಹೆಂಗ ಇಳೀತು?"

"ರಸಕ್ಕರಿ."

"ಈ ಸಲ ರಸ ಕೊಟ್ಟಿಲ್ಲೇನು?"

"ಕೊಟ್ಟೇನ್ರಿ."

"ಹಂಗಾರ ಆವಾಗ ಮತ್ತೇನು ಕೊಟ್ಟಿದ್ದಿ? ಇವತ್ತೊಂದು ದಿನ ಖರೇ ಹೇಳು."

ಗಂಡನಿಗೆ ದಮ್ಮು, ಉಬ್ಬಸ ಇತ್ತು. ಯಡ್ರಾಮಿ ಸಂತೆಯಲ್ಲಿ ಒಬ್ಬ ದಮ್ಮಿನ ಪುಡಿ ಮಾರುತ್ತಿದ್ದ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಮುಟ್ಟಿದರೆ ನನ್ನ ಬಾಗಿಲು ಹತ್ತಬೇಡಿ ಎಂದು ಡಾಕ್ಟರು ಬೈದಿದ್ದರು. ಆದರೂ ಮೊದಲ ಕಾಮಾಲೆಯ ದಿನಗಳಲ್ಲಿ ದಮ್ಮು ಹೆಚ್ಚಾದಾಗಿಂದ ಡಾಕ್ಟರಿಗೆ ಗೊತ್ತಾಗದಂತೆ ಗಂಡನಿಗೆ ಅದನ್ನು ಕೊಡುತ್ತಿದ್ದೆ. ಆಮೇಲೆ ಅವನು ಸಂತೆಗೆ ಬರುವುದು ಬಿಟ್ಟ. ಪುಡಿ ಮುಗಿದ ತಿಂಗಳಿಗೆ ಕಣ್ಣು ಮತ್ತೆ ಹಳದಿಯಾಗಿತ್ತು. ಎಲ್ಲ ಒಪ್ಪಿಕೊಂಡು ಬೈಗುಳಕ್ಕೆ ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ.

"ಆವಾಗ ಇಳಿಸಿದ್ದು ರಸ ಅಲ್ಲ, ಆ ಪುಡಿಯೊಳಗಿನ ಸ್ಟೀರಾಯ್ಡ್; ಈಗ ದವಡಿ ಗ್ರಂಥಿನೂ ಬಾತಾವ. ಇದು ಕ್ಯಾನ್ಸರ್ ಇರಲಿಕ್ಕೂ ಇಲ್ಲ. ಮೈ ತನ್ನ ಗ್ರಂಥಿ ಮ್ಯಾಲ ತಾನೇ ತಿರುಗಿಬಿದ್ದಿರಬಹುದು. ಎರಡು ವಾರ ಕೊಡ್ರಿ ನನಗ. ಅದೇ ಸ್ಟೀರಾಯ್ಡ್ ಅಳತಿ ಹಚ್ಚಿ ಕೊಡ್ತೇನಿ. ಬಾವು ಇಳೀಲಿಲ್ಲಂದ್ರ ಆಪರೇಷನ್ನಿಗೆ ಹೋಗ್ರಿ. ಕ್ಯಾನ್ಸರ್ ಇತ್ತಂದ್ರ ನಿಮ್ಮ ಎರಡು ವಾರ ನಾ ಹಾಳು ಮಾಡಿದಂಗ. ಅದೂ ತಿಳ್ಕೋರಿ."

ಸೊಲ್ಲಾಪುರಕ್ಕೆ ತಾವೇ ಫೋನ್ ಮಾಡಿ ದಿನ ಮುಂದೂಡಿಸಿದರು.

ಆ ಎರಡು ವಾರ ವೈರಿಗೂ ಬೇಡ. ಗಂಡನಿಗೆ ಸಕ್ಕರೆ ಏರಿತು, ನಿದ್ದೆ ಹಾರಿತು. ದಿನಾ ಬೆಳಗ್ಗೆ ಅವರನ್ನು ಕಿಟಕಿಗೆ ನಿಲ್ಲಿಸಿ ರೆಪ್ಪೆ ಎಳೆದು ನೋಡುತ್ತಿದ್ದೆ. ವಾರವಾದರೂ ಹಳದಿಯೇ ಕಂಡಾಗ ದವಾಖಾನೆಗೆ ಓಡಿ, ನಮ್ಮನ್ನು ಮುಳುಗಿಸಿದಿರಿ ಎಂದು ಜನರೆದುರೇ ಕೂಗಾಡಿದೆ.

"ನಾನೂ ನಿಮ್ಮ ಜೋಡಿ ಮುಳುಗಾಕತ್ತೇನಿ, ತಂಗೆವ್ವ" ಎಂದರು.

ಎರಡನೇ ವಾರ ತುರಿಕೆ ನಿಂತಿತು. ಸ್ಕ್ಯಾನ್ ಮಾಡಿಸಿದರೆ ಬಾವು ಅರ್ಧಕ್ಕೆ ಇಳಿದಿತ್ತು.

ಇದಕ್ಕೀಗ ಆಟೋಇಮ್ಯೂನ್ ಪ್ಯಾಂಕ್ರಿಯಾಟೈಟಿಸ್ ಎಂಬ ಹೆಸರಿದೆಯೆಂದು ನರ್ಸಿಂಗ್ ಓದಿದ ಮೊಮ್ಮಗಳು ಹೇಳುತ್ತಾಳೆ. ಎರಡು ಬಗೆಯಂತೆ. ಒಂದು ಸಣ್ಣ ವಯಸ್ಸಿನವರಿಗೂ ಬರುತ್ತದೆ, ಹಲವರಿಗೆ ಕರುಳಿನ ಬೇನೆ ಜೊತೆಗಿರುತ್ತದೆ, ವಾಸಿಯಾದರೆ ಮರಳುವುದು ಕಡಿಮೆ. ನನ್ನ ಗಂಡನದು ಇನ್ನೊಂದು. ವಯಸ್ಸಾದ ಗಂಡಸರನ್ನೇ ಹೆಚ್ಚಾಗಿ ಹಿಡಿಯುತ್ತದೆ, ದವಡೆಯ ಕೆಳಗಿನಂಥ ಬೇರೆ ಗ್ರಂಥಿಗಳನ್ನೂ ಊದಿಸುತ್ತದೆ, ಮರಳಿ ಬರುತ್ತದೆ. ಡಾಕ್ಟರಿಗೆ ಆಗ ಈ ಬಗೆಗಳಲ್ಲೊಂದೂ ಗೊತ್ತಿರಲಿಲ್ಲ. ಮಾತ್ರೆಯನ್ನು ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುತ್ತಾ, ಮತ್ತೆ ಬರಬಹುದು ಎಂದಷ್ಟೇ ಹೇಳಿ, ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು.

ನಾಲ್ಕು ವರ್ಷಕ್ಕೆ ಕಾಮಾಲೆ ಮತ್ತೆ ಬಂತು. ಸೊಲ್ಲಾಪುರದಲ್ಲಿ ಹೊಸ ಸರ್ಜನ್, ಮತ್ತದೇ ಕ್ಯಾನ್ಸರ್, ಅದೇ ಚಾಕುವಿನ ಮಾತು. ನಮ್ಮ ಡಾಕ್ಟರ ಹಾಳೆಯನ್ನು ಆ ಸರ್ಜನ್ನರ ಮುಂದೆ ಹರವಿ, ಓದುವವರೆಗೆ ಏಳುವುದಿಲ್ಲ ಎಂದು ಕೂತೆ. ಎರಡು ಸಲ ಓದಿದರು. ಸ್ಟೀರಾಯ್ಡ್ ಮಾತ್ರೆ ಬರೆಯುತ್ತಾ, ಈ ಡಾಕ್ಟರನ್ನು ನಾನು ನೋಡಬೇಕಲ್ಲ, ಎಲ್ಲಿದ್ದಾರೆ ಎಂದು ಕೇಳಿದರು.

"ತಡಾ ಆತ್ರಿ" ಎಂದೆ. "ಹೋದ ತಿಂಗಳ ಅವರಿಗೆ ಮಣ್ಣು ಕೊಟ್ಟು ಬಂದೇವಿ."