ರೇವಮ್ಮ ಬೂಸರು ಬೆಳೆಸಿದ್ದು

ಕಮಲಾಪುರದ ರೇವಮ್ಮನಿಗೆ ಲೋಕದಲ್ಲಿ ಇದ್ದದ್ದು ಎರಡೇ ವೈರ. ಒಂದು ಬೂಸರು, ಇನ್ನೊಂದು ಎದುರು ಮನೆಯ ಬಂಡಮ್ಮ. ಬಂಡಮ್ಮನನ್ನಾದರೂ ಆಕೆ ಹಬ್ಬ ಹುಣ್ಣಿಮೆಗೆ ಮಾತಾಡಿಸುತ್ತಿದ್ದಳು. ಬೂಸರಿಗೆ ಆ ಮರ್ಯಾದೆಯೂ ಇರಲಿಲ್ಲ.

ಭರಣಿಯ ಬಾಯಲ್ಲಿ ಬಿಳಿ ಪದರು ಕಂಡಿತೋ, ಹಪ್ಪಳದ ಡಬ್ಬಿಯಲ್ಲಿ ಹಸಿರು ಚುಕ್ಕೆ ಇಣುಕಿತೋ, ಮುಗಿಯಿತು; ಸೆರಗು ಸಿಕ್ಕಿಸಿ ಅಂಗಳಕ್ಕೆ ಎಲ್ಲವನ್ನೂ ಎಳೆದು ಹಾಕುತ್ತಿದ್ದಳು. ಊರೆಲ್ಲ ಬಿಸಿಲಿಗೆ ಶಾಪ ಹಾಕುವಾಗ ಈಕೆ ಮಾತ್ರ ಸೂರ್ಯನಿಗೆ ಕೈ ಮುಗಿಯುವಳು. ಕಲಬುರಗಿ ಸೀಮೆಗೆ ದೇವರು ಇಷ್ಟು ಬಿಸಿಲು ಕೊಟ್ಟಿರುವುದು ಬೂಸರು ಕೊಲ್ಲಲಿಕ್ಕೇ ಎಂಬುದು ಆಕೆಯ ನಂಬಿಕೆ. ಜ್ವರ ಬಂದು ಗಂಡ ಭಾಗಪ್ಪನ ನಾಲಿಗೆ ಬೆಳ್ಳಗಾದಾಗ ಅವನನ್ನೂ ಎಬ್ಬಿಸಿ ಬಿಸಿಲಿಗೆ ಕೂರಿಸಿದ್ದಳಂತೆ. ಇದು ಬಂಡಮ್ಮ ಹೇಳಿದ ಮಾತು, ಅರ್ಧ ನಂಬಿದರೆ ಸಾಕು.

ಆದರೆ ಆಕೆಯ ಮಾವಿನ ಉಪ್ಪಿನಕಾಯಿ ಸುಳ್ಳಲ್ಲ. ಅದು ಬಸ್ಸು ಹತ್ತಿ ಕಲಬುರಗಿಯ ರೋಜಾ ಬಡಾವಣೆಯವರೆಗೆ ಹೋಗುತ್ತಿತ್ತು. ಅಲ್ಲಿ ದರ್ಗಾದ ದಾರಿಯಲ್ಲಿ ಫಕ್ರುದ್ದೀನ್‌ನ ಅಂಗಡಿ. ಉರುಸಿಗೆ ಬಂದವರ ಮುಂದೆ ಭರಣಿ ಎತ್ತಿ ಹಿಡಿದು ಅವನು, "ರೇವಮ್ಮನ ಕೈದು ಅದರೀ. ವರ್ಷ ಆದ್ರೂ ಬೂಸರ ಬರಂಗಿಲ್ಲ, ನಂದು ಗ್ಯಾರಂಟಿ!" ಎನ್ನುತ್ತಿದ್ದ. ಈ ಮಾತು ಕೇಳಲೆಂದೇ ರೇವಮ್ಮ ಅಂಗಡಿಯ ಮೂಲೆಯಲ್ಲಿ ಬೇಕೆಂತಲೇ ಸ್ವಲ್ಪ ಹೊತ್ತು ನಿಂತಿರುತ್ತಿದ್ದಳು.

ಮನೆಯಲ್ಲಿ ಹೀಗೆ ಗೆದ್ದವಳು ಹೊಲದಲ್ಲಿ ಸೋಲುತ್ತಿದ್ದಳು. ಊರ ಹೊರಗಿನ ಹೊಲ ಅವಳ ಅಪ್ಪನದು. ಗಂಡುಮಕ್ಕಳಿಲ್ಲದ ಅಪ್ಪ ಭಾಗಪ್ಪನನ್ನು ಮನೆಅಳಿಯನಾಗಿ ತಂದುಕೊಂಡು ಹೊಲವನ್ನು ಮಗಳ ಹೆಸರಿಗೆ ಮಾಡಿ ಕಣ್ಣು ಮುಚ್ಚಿದ. ಮನೆಅಳಿಯ ಎಂದರೆ ಊರವರ ಬಾಯಿಗೆ ಎಲೆಯಡಿಕೆ ಇದ್ದ ಹಾಗೆ. ಆ ಬಾಯಿ ಮುಚ್ಚಿಸಲಿಕ್ಕೆ ಭಾಗಪ್ಪ ಓಣಿಯ ಕಟ್ಟೆಯ ಮೇಲೆ ಕೂತು ಮಾತಿಗೊಮ್ಮೆ "ನನ್ನ ಹೊಲ" "ನನ್ನ ಹೊಲ" ಎನ್ನುವನು. ರೇವಮ್ಮ ಒಮ್ಮೆಯೂ ತಿದ್ದಲಿಲ್ಲ. ಗಂಡನ ಮಾನ ತನ್ನ ಮಾನ ಎಂದುಕೊಂಡಳು, ಆದರೆ ಪ್ರತಿ ಸಲ ಆ ಮಾತು ಕೇಳಿದಾಗ ಒಳಗೆ ಚುರುಕ್ ಎನ್ನುತ್ತಿತ್ತು.

ಆ ಹೊಲದ ತೊಗರಿಗೆ ನೆಟೆರೋಗ ಬಿದ್ದಿತ್ತು. ಹೂವಾಡುವ ಹೊತ್ತಿಗೆ ಗಿಡ ಸುಮ್ಮನೆ ಬಾಡಿ ನಿಂತಲ್ಲೇ ಒಣಗಿಬಿಡುವುದು. ಭಾಗಪ್ಪ ಅಂಗಡಿಯವರು ಹೇಳಿದ ಔಷಧಿಯನ್ನೆಲ್ಲ ತಂದು ಮಣ್ಣಿಗೆ ಸುರಿದ. ಅವನ ಕೈ ಬೊಬ್ಬೆ ಎದ್ದಿತು, ಎರೆಹುಳುಗಳು ಸತ್ತು ಮೇಲೆ ಬಿದ್ದವು, ತೊಗರಿ ಮಾತ್ರ ತನ್ನ ಪಾಡಿಗೆ ತಾನು ಒಣಗಿತು. ಕಡೆಗೆ ಒಂದು ಸಂಜೆ, ಇಟ್ಟಂಗಿ ಭಟ್ಟಿಯ ಮಾಪಣ್ಣ ಕೂತಿದ್ದಾಗಲೇ, ಕಟ್ಟೆಯ ಮೇಲೆ ಎಲ್ಲರೆದುರು ಹೇಳಿಬಿಟ್ಟ: "ಈ ವರ್ಷ ಮತ್ತ ಒಣಗಿತಂದ್ರ ನನ್ನ ಹೊಲ ಮಾಪಣ್ಣನ ಭಟ್ಟಿಗೆ. ಮಣ್ಣು ಒಯ್ದು ಇಟ್ಟಂಗಿ ಸುಟಗೋಳ್ಲಿ."

ಸುದ್ದಿ ತಂದವಳು ಬಂಡಮ್ಮ. ಕೇಳಿದ ರೇವಮ್ಮನಿಗೆ ಆ ದಿನ ಊಟ ಸೇರಲಿಲ್ಲ. ಅಪ್ಪ ಉತ್ತಿದ ಮಣ್ಣು ಯಾರದೋ ಮನೆಯ ಗೋಡೆಯಾಗುವುದನ್ನು ನೆನೆದು ಅತ್ತಳು. ಅತ್ತು ಮುಗಿದ ಮೇಲೆ ಹೊಸ ಭರಣಿಗಳನ್ನು ಕಟ್ಟಿಕೊಂಡು ಕಲಬುರಗಿ ಬಸ್ಸು ಹತ್ತಿದಳು. ರೋಜಾದಲ್ಲಿ ಭರಣಿ ಇಳಿಸಿ, ಅಲ್ಲಿಂದ ಕುಸನೂರಿನಲ್ಲಿದ್ದ ಚಿಕ್ಕವ್ವನ ಮಗ ಅಣವೀರಪ್ಪನ ಮನೆಗೆ ಹೋದಳು. ಅವನು ಕೃಷಿ ಇಲಾಖೆಯಲ್ಲಿ ನೌಕರ.

ಅಣವೀರಪ್ಪ ಒಂದು ಪೊಟ್ಟಣ ತಂದು ಮುಂದಿಟ್ಟ. "ಇದು ಟ್ರೈಕೋಡರ್ಮಾ ಅಂತ, ಯಕ್ಕಾ. ವಿಷ ಅಲ್ಲ, ಜೀವ ಇರೋದು. ಬಿತ್ತೋ ಮುಂದ ಬೀಜಕ್ಕ ಸ್ವಲ್ಪ ಹಚ್ಚು. ಉಳಿದದ್ದು ಕಳಿತ ಶಗಣಿ ಗೊಬ್ಬರ, ಬೇವಿನ ಹಿಂಡಿ ಕೂಡಿಸಿ ಅದರಾಗ ಕಲಸು. ಬೆಲ್ಲದ ನೀರ ಚಿಮುಕಿಸಿ, ಹಸಿ ಗೋಣಿಚೀಲ ಮುಚ್ಚಿ ನೆರಳಾಗ ಇಡು. ಒಂದೆರಡು ವಾರದಾಗ ಹಸರಗ ಬೂಸರ ಏರ್ತದ. ಅದನ್ನ ಸಾಲಿಗಿ ಹಾಕು."

"ಏನ್ ಏರ್ತದ?"

"ಬೂಸರ."

ರೇವಮ್ಮ ಚಹಾದ ಬಟ್ಟಲು ಕೆಳಗಿಟ್ಟಳು. "ಯಾರ ಮುಂದ ಏನ್ ಮಾತಾಡಾಕತ್ತೀ? ನಾನು ಬೂಸರ ಬೆಳಸಬೇಕಾ?"

"ಯಕ್ಕಾ, ನಿನ್ನ ತೊಗರಿ ಒಣಗಸೋದೂ ಮಣ್ಣಾಗಿನ ಒಂದು ಕೆಟ್ಟ ಬೂಸರನ. ಬೇರಿನಾಗ ಹೊಕ್ಕು ನೀರ ಏರದಂಗ ಮಾಡ್ತದ. ಈ ಹಸರ ಬೂಸರ ಅದನ್ನ ತಿಂತದ."

"ಕಳ್ಳನ್ನ ಹಿಡೀಲಿಕ್ಕ ಇನ್ನೊಬ್ಬ ಕಳ್ಳನ್ನ ಮನಿಗಿ ಕರ್ಕೊಂಡಂಗಾತು," ಎಂದಳು ರೇವಮ್ಮ. ಆದರೂ ಪೊಟ್ಟಣ ಇಸಿದುಕೊಂಡಳು. ಬಸ್ಸಿನಲ್ಲಿ ಅದನ್ನು ಎರಡು ಬೆರಳಲ್ಲಿ ಹಿಡಿದು, ಮೈಗೆ ತಾಗದ ಹಾಗೆ ದೂರ ಚಾಚಿಕೊಂಡೇ ಕಮಲಾಪುರ ಮುಟ್ಟಿದಳು. ಪಕ್ಕದಲ್ಲಿ ಕೂತ ಅಜ್ಜ ಒಳಗೆ ಚೇಳಿದೆ ಎಂದುಕೊಂಡು ಎದ್ದು ನಿಂತೇ ಬಂದ.

ಮನೆಗೆ ಬಂದವಳು ಬೀಜಕ್ಕೆ ಬೇಕಾದಷ್ಟು ಪುಡಿ ತೆಗೆದಿಟ್ಟು, ಉಳಿದದ್ದನ್ನು ಅವನು ಹೇಳಿದಂತೆಯೇ ಮಾಡಿದಳು. ದನದ ಕೊಟ್ಟಿಗೆಯ ಹಿಂದೆ, ಬಂಡಮ್ಮನ ಕಣ್ಣು ಬೀಳದ ಜಾಗದಲ್ಲಿ ಗುಡ್ಡೆ ಹಾಕಿ ಗೋಣಿ ಹೊದಿಸಿದಳು. ದಿನಾ ಮೂಗು ಮುಚ್ಚಿಕೊಂಡು ನೀರು ಚಿಮುಕಿಸುವಳು. ಮೊದಲು ಬಿಳಿ ಎಳೆ ಕಂಡಿತು. ಆಮೇಲೊಂದು ಮುಂಜಾನೆ ಗೋಣಿ ಎತ್ತಿದರೆ ಗುಡ್ಡೆಯೆಲ್ಲ ಹಸಿರೋ ಹಸಿರು.

ಇಲ್ಲಿ ರೇವಮ್ಮನನ್ನು ಬೈಯಬೇಕೋ ಅವಳ ಕೈಗಳನ್ನು ಬೈಯಬೇಕೋ ನನಗೆ ತಿಳಿಯದು. ಹುಟ್ಟಿದಾಗಿನಿಂದ ಕಲಿತ ಕೈ. ಆ ಹಸಿರು ಕಂಡದ್ದೇ ತಡ, ಅವಳಿಗೆ ಹೊಲವೂ ನೆನಪಾಗಲಿಲ್ಲ, ತಮ್ಮನೂ ನೆನಪಾಗಲಿಲ್ಲ. ಗೋಣಿಯನ್ನು "ಥೂ" ಎಂದು ಕೊಟ್ಟಿಗೆಯೊಳಗೆ ದನ ಮೇವು ತಿನ್ನುವ ಗ್ವಾದಲಿಯ ಕೆಳಗೆ ಎಸೆದಳು. ಗುಡ್ಡೆಯನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ಅಂಗಳದಲ್ಲಿ ತೆಳ್ಳಗೆ ಹರವಿ, ಉರಿಬಿಸಿಲಿಗೆ ಒಡ್ಡಿ, ಮೇಲೆ ಒಂದು ಹಿಡಿ ಉಪ್ಪು ಬೇರೆ ಉದುರಿಸಿದಳು. ಮಧ್ಯಾಹ್ನ ಕಾಲಲ್ಲಿ ತಿರುವಿದಳು. ಸಂಜೆಗೆ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಕೈ ಝಾಡಿಸಿಕೊಂಡು ಮನಸಿಗೆ ಸಮಾಧಾನವಾಗಿ ಮಲಗಿದಳು.

ಮರುದಿನ ಅಣವೀರಪ್ಪ ನೋಡಲು ಬಂದ. ಅಂಗಳದಲ್ಲಿ ಹಪ್ಪಳದಂತೆ ಒಣಗಿದ ಗೊಬ್ಬರ ಕಂಡು ಅಲ್ಲೇ ಕುಸಿದು ಕೂತ.

"ಏನ್ ಮಾಡಿದೀ ಯಕ್ಕಾ?"

"ಬೂಸರ ಬಂದಿತ್ತೋ ಅಣವೀರ್ಯಾ. ಬಿಸಲಿಗಿ ಹಾಕೀನಿ. ಈಗ ನೋಡು, ಎಷ್ಟ್ ಚಂದ ಆಗ್ಯಾದ!"

"ಎಲ್ಲಾನೂ ಕೊಂದಿಯಲ್ಲ ತಾಯಿ!"

ಆಗ ರೇವಮ್ಮನಿಗೆ ಅರಿವಾಯಿತು. ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಳೆ ಇಂದೋ ನಾಳೆಯೋ ಎನ್ನುವಂತಿತ್ತು. ಇನ್ನೊಂದು ಪೊಟ್ಟಣ ಎಲ್ಲಿ ಎಂದರೆ ಅಣವೀರಪ್ಪ ಇಲ್ಲವೆಂದು ತಲೆ ಆಡಿಸಿದ. ಈ ಸಲ ಇಲಾಖೆಗೆ ಬಂದದ್ದು ಮುಗಿದಿದೆ, ಮತ್ತೆ ಬರುವುದು ಯಾವಾಗಲೋ. ಬೀಜಕ್ಕೆ ತೆಗೆದಿಟ್ಟ ಚಿಟಿಕೆ ಪುಡಿ ಬೀಜಕ್ಕೇ ಬೇಕು. ಅವನಿಗೆ ಚಹಾ ಮಾಡಲೆಂದು ಎದ್ದು, ಒಲೆಗೆ ಕುಳ್ಳು ತರಲು ಕೊಟ್ಟಿಗೆಗೆ ಹೋದಳು. ಗ್ವಾದಲಿಯ ಕೆಳಗೆ, ನೆರಳಲ್ಲಿ, ಎಸೆದ ಗೋಣಿ ಹಾಗೇ ಬಿದ್ದಿತ್ತು. ದನದ ಮೂತ್ರ ತಾಗಿ ಹಸಿಯಾಗಿತ್ತು. ಅದರ ತುಂಬ ದಪ್ಪಗೆ ಹಸಿರು.

ರೇವಮ್ಮ ಅದನ್ನೇ ನೋಡುತ್ತ ನಿಂತಳು. ನಿನ್ನೆಯ ಮೊಸರು ಖಾಲಿಯಾದರೆ ಪಾತ್ರೆಯ ಅಂಚಿಗೆ ಹತ್ತಿದ್ದೇ ಇವತ್ತಿನ ಹಾಲಿಗೆ ಸಾಕು. ಇದು ಅವಳಿಗೆ ಯಾರೂ ಹೇಳಿಕೊಡಬೇಕಾದದ್ದಲ್ಲ.

"ಅಣವೀರ್ಯಾ," ಎಂದು ಕೂಗಿದಳು, "ಇದು ಹೆಪ್ಪಿನಂಗ ಹತ್ತತದ ಏನೋ?"

ಓಡಿ ಬಂದ ಅಣವೀರಪ್ಪ ಗೋಣಿ ನೋಡಿ ಕಣ್ಣರಳಿಸಿದ. "ಹತ್ತತದ ಯಕ್ಕಾ, ಹತ್ತತದ!"

"ಹಂಗಂತ ಮೊದಲ ಹೇಳಬಾರದಾ? ಬೂಸರ ಬೂಸರ ಅಂತ ಬಡಕೊಂಡಿ. ಹೆಪ್ಪು ಅಂದಿದ್ರ ನಾ ಯಾಕ ಬಿಸಲಿಗಿ ಹಾಕ್ತಿದ್ದೆ?" ಎಂದು ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿ, ಸೆರಗು ಸಿಕ್ಕಿಸಿ ಹೊಸ ಗುಡ್ಡೆ ಹಾಕಲು ಕೂತಳು. ಈ ಸಲ ಮೂಗು ಮುಚ್ಚಲಿಲ್ಲ. ಗೋಣಿಯನ್ನು ತೊಳೆದು ಆ ನೀರನ್ನು ಬರಿಗೈಯಲ್ಲಿ ಗೊಬ್ಬರಕ್ಕೆ ಕಲಸಿದಳು. ಮಳೆರಾಯನೂ ದೊಡ್ಡ ಮನಸ್ಸು ಮಾಡಿ ಒಂದೆರಡು ವಾರ ತಡೆದ. ಪುಡಿ ಹಚ್ಚಿದ ಬೀಜ ಬಿತ್ತುವಾಗ ಸಾಲಿಗೆ ಬೂಸರು ಏರಿದ ಗೊಬ್ಬರವೂ ಬಿದ್ದಿತು.

ಗುಟ್ಟು ಮಾತ್ರ ಉಳಿಯಲಿಲ್ಲ. ಮುಂದಿನ ಬಿತ್ತನೆಗೂ ಇರಲೆಂದು ಕೊಟ್ಟಿಗೆಯಲ್ಲಿ ಉಳಿಸಿಕೊಂಡಿದ್ದ ಗುಡ್ಡೆಯನ್ನು ಬಂಡಮ್ಮ ಕರು ಹುಡುಕುವ ನೆಪದಲ್ಲಿ ಬಂದು ಕಂಡಳು. ಮಾತು ಓಣಿ ದಾಟಿತು, ಬಸ್ಸೂ ಹತ್ತಿತು. ರೇವಮ್ಮ ಮುಂದಿನ ಭರಣಿಗಳನ್ನು ಒಯ್ದಾಗ ಫಕ್ರುದ್ದೀನ್ ಎತ್ತಿ ಹಿಡಿಯಲಿಲ್ಲ, ಮೆಲ್ಲಗೆ ಹತ್ತಿರ ಕರೆದ.

"ರೇವಮ್ಮಾ, ಗಿರಾಕಿ ಮಂದಿ ಏನೇನೋ ಅನ್ನಾಕತ್ತಾರ. ನೀವು ಮನ್ಯಾಗ ಬೂಸರ ಬೆಳಸ್ತೀರಂತ? ಝೂಟ್ ಅಂತ ಒಂದ್ ಮಾತ್ ಹೇಳ್ರಿ, ಬಸ್. ನಾ ಎಲ್ಲರಿಗೂ ಹೇಳ್ತೀನಿ."

ಸುಳ್ಳು ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅಪ್ಪನ ಹೊಲ ಕಣ್ಣ ಮುಂದೆ ಬಂತು. ಆ ಹೊಲಕ್ಕಾಗಿ ಮಾಡಿದ್ದನ್ನು ಕದ್ದ ಮಾಲಿನ ಹಾಗೆ ಮುಚ್ಚಿಡುವುದು ಅವಳಿಂದ ಆಗಲಿಲ್ಲ.

"ಖರೇ ಅದರೀ," ಎಂದಳು. "ಉಪ್ಪಿನಕಾಯಾಗ ಅಲ್ಲ, ಶಗಣ್ಯಾಗ."

"ತೌಬಾ, ತೌಬಾ!" ಎಂದ ಫಕ್ರುದ್ದೀನ್. ಭರಣಿಗಳು ಬಂದ ದಾರಿಯಲ್ಲೇ ತಿರುಗಿದವು. ಆ ಮಳೆಗಾಲವೆಲ್ಲ ಭಾಗಪ್ಪನಿಗೆ ಮೂರು ಹೊತ್ತೂ ಉಪ್ಪಿನಕಾಯಿಯೇ.

ಚಳಿಗಾಲ ಬಂತು. ಸುತ್ತಲಿನ ಹೊಲಗಳಲ್ಲಿ ತೊಗರಿ ಬಾಡಿತು. ರೇವಮ್ಮನ ಹೊಲದಲ್ಲೂ ಬದುವಿನ ಕಡೆ ಒಂದಿಷ್ಟು ಗಿಡ ಒಣಗಿದ್ದು ಸುಳ್ಳಲ್ಲ. ಉಳಿದದ್ದು ಕಾಯಿ ಹೊತ್ತು ಬಾಗಿ ನಿಂತಿತ್ತು. ಭಾಗಪ್ಪ ದಿನಾ ಹೋಗಿ ಒಂದೊಂದೇ ಗಿಡ ಮುಟ್ಟಿ ನೋಡಿ ಬರುವನು.

ಭಟ್ಟಿಯ ಕಾಲ ಬಂದಾಗ ಮಾಪಣ್ಣ ಕಟ್ಟೆಗೆ ಬಂದ. ಎಲ್ಲರೂ ಇದ್ದರು. ಹತ್ತಿರದಲ್ಲೇ ತನ್ನ ಮನೆಯ ಹೊಸ್ತಿಲಲ್ಲಿ ರೇವಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು, ಕೈ ಆಡುತ್ತಿರಲಿಲ್ಲ.

"ಏನ್ ಭಾಗಪ್ಪಣ್ಣ, ಒಂದಿಷ್ಟು ಗಿಡ ಒಣಗ್ಯಾವಂತ. ಮಾತಂದ್ರ ಮಾತು. ನಿನ್ನ ಹೊಲಕ್ಕ ಯಾವಾಗ ಮಂದಿ ಕಳಸ್ಲಿ?"

ಭಾಗಪ್ಪ ಟೊಪ್ಪಿಗೆ ತೆಗೆದ, ಝಾಡಿಸಿದ, ಮತ್ತೆ ಹಾಕಿಕೊಂಡ. ಊರವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಹೊಲ ನಂದಲ್ಲ ಮಾಪಣ್ಣ," ಎಂದ. "ಅಕೀದು. ಅಕೀನ್ನ ಕೇಳು."

ಯಾವ ಮಾತಿಗೂ ಉತ್ತರ ಬಾಕಿ ಇಡದ ರೇವಮ್ಮ ಮೊರದೊಳಗೆ ಮುಖ ಹಾಕಿದಳು. ಕಣ್ಣು ಮಂಜಾಗಿ ಅಕ್ಕಿ ಯಾವುದು ಹರಳು ಯಾವುದು ತಿಳಿಯದಾಯಿತು. ಮದುವೆಯಾದಾಗಿನಿಂದ ಆಕೆ ಕಾದದ್ದು ಈ ಮಾತಿಗೇ ಎಂದು ಆಕೆಗೂ ಈಗಲೇ ಗೊತ್ತಾದದ್ದು.

ಮಾಪಣ್ಣ ಹೊಸ್ತಿಲ ಹತ್ತಿರ ಬಂದ. "ಏನಂತೀರಿ ಯಕ್ಕಾ? ಕೊಡ್ತೀರೇನು?"

ರೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. ಎದುರು ಮನೆಯ ಬಾಗಿಲಲ್ಲಿ ಬಂಡಮ್ಮ ಕಿವಿ ಇಟ್ಟು ನಿಂತಿದ್ದು ಕಾಣುತ್ತಿತ್ತು. ಅವಳಿಗೂ ಕೇಳಲಿ ಎಂದು ದನಿ ಏರಿಸಿಯೇ ಹೇಳಿದಳು:

"ಹೊಲ ಕೊಡಂಗಿಲ್ಲ. ಬೇಕಾದ್ರ ಬೂಸರ ಕೊಡ್ತೀನಿ, ಒಯ್ಯಿರಿ."