ಊಟ ಬಿಟ್ಟವನ ತಿಂಡಿ

"ಬೇಡಮ್ಮ, ನನಗೆ ಶುಗರ್. ಕಾರ್ಬೋಹೈಡ್ರೇಟ್ ಪೂರ್ತಿ ಬಿಟ್ಟಿದ್ದೀನಿ" ಎಂದು ತಟ್ಟೆಯಲ್ಲಿದ್ದ ರಾಗಿಮುದ್ದೆಯನ್ನು ಪಕ್ಕಕ್ಕೆ ಸರಿಸಿದೆ. ಜಂಗಮಕೋಟೆಯ ಗೆಳೆಯನ ತಾಯಿ ಕನಿಕರಪಟ್ಟು ಬಿಸಿ ಉಪ್ಪಿಟ್ಟು ಮಾಡಿಕೊಟ್ಟರು. ಮೂರು ಸಲ ಹಾಕಿಸಿಕೊಂಡೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಲ್ಲವೇ, ಪಿಷ್ಟವೇ ರಕ್ತದಲ್ಲಿ ಸಕ್ಕರೆಯಾಗುತ್ತದೆಂದು ತಿನ್ನುತ್ತಲೇ ಪಾಠವನ್ನೂ ಮಾಡಿದೆ.

ಆಕೆ ನಾಲ್ಕನೇ ಸಲ ಸೌಟು ಎತ್ತಿ ಕೇಳಿದರು: "ಅಲ್ಲಪ್ಪ ಮೇಷ್ಟ್ರೇ, ಈ ರವೆ ಏನು ಸೊಪ್ಪಾ? ನಮ್ಮ ಯಜಮಾನ್ರು ಶನಿವಾರ ಒಪ್ಪೊತ್ತು ಇರೋದೂ ಹಿಂಗೇನೇ. ಅನ್ನ ಮುಟ್ಟಲ್ಲ, ದೋಸೆ ಮಾತ್ರ ಎಂಟು! ನೀವು ಸೊಪ್ಪಿನ ಸಾರಲ್ಲಿ ಒಂದು ಸಣ್ಣ ಮುದ್ದೆ ತಿಂದಿದ್ರೆ ಸಾಕಾಗ್ತಿತ್ತು."

ನಮ್ಮ ಕಡೆ ಊಟವೇ ಬೇರೆ, ತಿಂಡಿಯೇ ಬೇರೆ. ಇಪ್ಪತ್ತು ವರ್ಷ ಪಾಠ ಹೇಳಿದ ನಾನೂ ಹಾಗೆಯೇ ನಂಬಿದ್ದೆ. ನನ್ನ ರಕ್ತಕ್ಕೆ ಮಾತ್ರ ಆ ವ್ಯತ್ಯಾಸ ಇನ್ನೂ ತಿಳಿದಿಲ್ಲ.