ಕಾವು ಬಲ್ಲ ಪುಟ್ಟತಾಯಮ್ಮ

ಪುಟ್ಟತಾಯಮ್ಮನವರು ಮೊಟ್ಟೆಯನ್ನು ಕೈಗೆತ್ತಿಕೊಂಡರೆ ಮೊದಲು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದರು. ಹಿತವೆನಿಸಿದರೆ ಕಾವು ಸರಿಯಿದೆ, ಚುರುಕೆಂದರೆ ಹೆಚ್ಚು. ನನ್ನ ಎರಡು ಉಷ್ಣಮಾಪಕಗಳು ಪರಸ್ಪರ ಒಪ್ಪದ ದಿನಗಳಲ್ಲೂ ಆ ರೆಪ್ಪೆ ತಪ್ಪಿದ್ದನ್ನು ನಾನು ಕಾಣಲಿಲ್ಲ.

ಸಂಶೋಧನಾ ವೃತ್ತಿಯಿಂದ ನಿವೃತ್ತನಾಗಿ ಹೊಳೆನರಸೀಪುರಕ್ಕೆ ಬಂದ ಮರುವರ್ಷ ಮರಿ ಮಾಡಿಸುವ ಇನ್‌ಕ್ಯುಬೇಟರ್ ಪೆಟ್ಟಿಗೆಯೊಂದನ್ನು ಕೊಂಡೆ. (ಮರುವರ್ಷವೆಂಬುದು ನೆನಪಿನ ಮಾತು, ದಿನಚರಿಯ ಪ್ರಕಾರ ಅದೇ ವರ್ಷದ ಕಾರ್ತಿಕ.) ಮೂರು ಬಾರಿಯೂ ಮರಿಗಳು ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತವು. ಹಳ್ಳಿಮೈಸೂರಿನ ಮಹಿಳಾ ಸಂಘದಲ್ಲಿ ಇಂಥದೇ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದ ಪುಟ್ಟತಾಯಮ್ಮನವರನ್ನು ಕರೆಸಿದೆ. ಅವರು ಮೊಟ್ಟೆಯೊಂದನ್ನು ಒಡೆದು, ಸತ್ತ ಮರಿಗೆ ಅಂಟಿ ಒಣಗಿದ್ದ ಪೊರೆಯನ್ನು ಉಗುರಿನಿಂದ ಬಿಡಿಸಿ, ಗಂಟೆಗೊಮ್ಮೆ ಉಷ್ಣತೆ ಬರೆದಿಟ್ಟಿದ್ದ ನನ್ನ ಪುಸ್ತಕದ ಕಡೆ ನೋಡಿದರು.

“ಇದನ್ನ ಬರೆಯಾಕೆ ಮುಚ್ಚಳ ತಗೀತಿದ್ರಾ ಸಾ?”

“ಹೌದು.”

“ಕೊನೇ ಮೂರು ದಿನಾನೂವಾ?”

“ಆಗಲೇ ಹೆಚ್ಚು.”

“ಅಂಗಾರೆ ತೇವ ಎಲ್ಲಾ ಆರೋಗದೆ. ಪೊರೆ ಬಿಗ್ಕಂಡು ಉಸಿರುಕಟ್ಟಿ ಸತ್ತವೆ. ಕಾವಿಗೆ ಕೂತ ಕೋಳಿ ಗಳಿಗೆಗೊಂದ್ಸಲ ಎದ್ದು ಬರ್ಕಂತದಾ?”

ಮುಂದಿನ ತಿಂಗಳು ಅವರೇ ಬಂದರು, ರಾಗಿಯಲ್ಲಿ ಹುದುಗಿಸಿದ ಹನ್ನೊಂದು ಮೊಟ್ಟೆಗಳ ಡಬ್ಬಿಯೊಡನೆ. ಮದುವೆಯಾದಾಗ ಅರಕಲಗೂಡು ಕಡೆಯ ತವರಿನಿಂದ ತಾಯಿ ಕೊಟ್ಟು ಕಳಿಸಿದ್ದ ಕೋಳಿಯ ತಳಿಯನ್ನು ಅವರು ಅಂದಿನಿಂದ ಕಾಪಾಡಿಕೊಂಡು ಬಂದಿದ್ದರು. ಅದರ ಕೊನೆಯ ಹೇಂಟೆಯನ್ನು ಹಿಂದಿನ ದಿನ ನಾಯಿ ಹಿಡಿದಿತ್ತು. ಸಂಘದ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲ.

“ನಮ್ಮವ್ವಂದು ಅಂತ ಉಳಿದಿರಾದು ಇದೊಂದೇ ಕಣ್ಸಾ” ಎಂದರು.

ಇಪ್ಪತ್ತೊಂದನೆಯ ದಿನ ಬಂದು ಪೆಟ್ಟಿಗೆಯ ಪಕ್ಕದಲ್ಲೇ ಕುಳಿತರು. ಸಂಜೆಯಾದರೂ ಒಂದು ಚಿಪ್ಪೂ ಬಿರಿಯಲಿಲ್ಲ. ಮೊಟ್ಟೆಗಳನ್ನು ನನ್ನ ಪೆಟ್ಟಿಗೆಯಲ್ಲಿಟ್ಟ ದಿನವನ್ನು ನಾನು ಎರಡು ಕಡೆ ತಾಳೆ ನೋಡಿದ್ದೆ, ಅವಧಿ ಮುಗಿದಿತ್ತು. ಒಂದನ್ನು ತೆಗೆದು ಪರೀಕ್ಷಿಸೋಣವೆಂದು ಕೈ ಚಾಚಿದೆ. ಅವರು ಮುಚ್ಚಳದ ಮೇಲೆ ಅಂಗೈ ಊರಿದರು.

“ನಡುವೆ ಕರೆಂಟ್ ಓಗಿತ್ತಲ್ಲಾ ಸಾ, ತಣ್ಣಗಿದ್ದಷ್ಟೊತ್ತು ಅವೂ ತಡ ಮಾಡ್ತವೆ. ತಾರೀಕು ನಿಮ್ಗೆ ಗೊತ್ತು, ಅವುಕ್ಕೆ ಗೊತ್ತಾ? ನಾ ಬೆಳಿಗ್ಗೆ ಬತ್ತೀನಿ. ಮುಟ್ಟಿದ್ರೆ ನನ್ನಾಣೆ.”

ನಾನು ಮುಟ್ಟಲಿಲ್ಲ. ಮರುದಿನ ಅವರು ಬಂದು ಕುಳಿತ ಮೇಲೆ ಒಳಗಿನಿಂದ ಸಣ್ಣ ದನಿ ಕೇಳಿಸಿತು. ಹೊತ್ತು ಇಳಿಯುವಷ್ಟರಲ್ಲಿ ಏಳು ಮರಿಗಳು. ಪುಟ್ಟತಾಯಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಲೋಟ ಕಾಫಿ ಕೇಳಿದರು. ಹಿಂದಿನ ದಿನದಿಂದ ಏನನ್ನೂ ತಿಂದಿರಲಿಲ್ಲವಂತೆ.

ಕಳೆದ ಚೈತ್ರದಲ್ಲಿ ಅವರನ್ನು ಕಡೆಯ ಬಾರಿ ಕಂಡೆ. ಎದ್ದು ಕೂರಲಾರದಷ್ಟು ನಿತ್ರಾಣರಾಗಿದ್ದರು. ಆರೋಗ್ಯ ವಿಚಾರಿಸಲು ಬಾಯಿ ತೆರೆದೊಡನೆ ತುಟಿಯ ಮೇಲೆ ಬೆರಳಿಟ್ಟು ಮಂಚದ ಕೆಳಗೆ ತೋರಿಸಿದರು. ಆ ಏಳರಲ್ಲೊಂದು ಹೇಂಟೆ ಮಂಕರಿಯಲ್ಲಿ ಮೊಟ್ಟೆಗಳ ಮೇಲೆ ಕೂತಿತ್ತು.

“ಮೆಲ್ಲಗೆ ಸಾ. ಇವತ್ತೇ ಕಾವಿಗೆ ಕೂತವಳೆ.”

ಅರ್ಧ ಗಂಟೆ ಪಿಸುದನಿಯಲ್ಲೇ ಮಾತಾಡಿದೆವು. ಹೊರಡುವಾಗ ‘ಹೋಗಿ ಬರುತ್ತೇನಮ್ಮ’ ಎಂದೆ. ಕೋಳಿ ಎದ್ದೀತೆಂಬ ಅಂಜಿಕೆಯಲ್ಲಿ, ಅವರಿಗೂ ಕೇಳಿಸದಷ್ಟು ಮೆಲ್ಲಗೆ. ಆ ಕಾವು ಮುಗಿಯುವ ಮುನ್ನವೇ ಅವರು ತೀರಿಕೊಂಡರು.